ಕಣ್ಣು ಮುಚ್ಚಿ ನಿಂತವರು

ಜನವರಿ ೨೧

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ಬೈಯಬೇಡ. ಬೋರ್ಡು ಬರೆಯುವವನ ಮಗಳ ಕೈಬರಹ ಕೋಳಿ ಕೆದರಿದ ಹಾಗಿದೆ ಅಂತ ನೀನು ಗೊಣಗುವುದು ಹಾಸ್ಟೆಲ್‌ವರೆಗೂ ಕೇಳಿಸುತ್ತಿದೆ. ಏನು ಮಾಡಲಿ, ಇವತ್ತು ಕೈಗಿಂತ ಮನಸ್ಸು ಮುಂದೆ ಓಡುತ್ತಿದೆ.

ಈ ಸಲ ನಮಗೊಂದು ವಿಚಿತ್ರ ಕೋರ್ಸು ಇಟ್ಟಿದ್ದಾರೆ. ನಾನು ಓದುತ್ತಿರುವ ಕಂಟ್ರೋಲ್ ಶಾಸ್ತ್ರವನ್ನು ಯಂತ್ರಗಳಿಂದ ಆಚೆ, ಬೇರೆ ಯಾವುದಾದರೂ ವಿಷಯಕ್ಕೆ ಒಯ್ಯಬೇಕು. ಬೇರೆ ವಿಭಾಗದ ವಿದ್ಯಾರ್ಥಿಯೊಬ್ಬರ ಜೊತೆ ಸೇರಿ ಪ್ರಾಜೆಕ್ಟ್ ಮಾಡಬೇಕು. ಯಾರಿಗೆ ಯಾರು ಅನ್ನುವುದನ್ನು ಮೇಡಂ ಚೀಟಿ ಎತ್ತಿಸಿ ತೀರ್ಮಾನಿಸಿದರು. ನನ್ನ ಬೆಂಚಿನವನಿಗೆ ಮೀನು ಸಾಕಣೆ ಓದುವವನು ಸಿಕ್ಕ. ನನಗೆ ಫಿಸಿಯೋಥೆರಪಿಯವಳು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಳು, ಅಷ್ಟು ಎತ್ತರ. "ಎಲ್ಲರೂ ಜಿರಾಫೆ ಅಂತಾರೆ, ನೀನೂ ಅನ್ನು, ಸುತ್ತಿ ಬಳಸೋದು ಬೇಡ" ಅಂದಳು.

"ನಿಮ್ಮ ಶಾಸ್ತ್ರ ಏನು ಮಾಡುತ್ತೆ?" ಅಂತ ಕೇಳಿದಳು. ನಾನು ಸ್ನಾನದ ಮನೆಯ ನಲ್ಲಿಯನ್ನು ಉದಾಹರಣೆ ಕೊಟ್ಟೆ. ನೀರು ತಣ್ಣಗಿದೆ ಅಂತ ಬಿಸಿ ನಲ್ಲಿ ತಿರುಗಿಸುತ್ತೇವೆ. ಪೈಪಿನಲ್ಲಿ ಬಿಸಿ ಬರುವುದಕ್ಕೆ ಹೊತ್ತು ಬೇಕು. ತಾಳ್ಮೆಗೆಟ್ಟು ಇನ್ನೂ ತಿರುಗಿಸುತ್ತೇವೆ. ಆಮೇಲೆ ಮೈ ಸುಟ್ಟುಕೊಂಡು ಪೂರ್ತಿ ತಣ್ಣಗೆ ಮಾಡುತ್ತೇವೆ. ನೋಡು, ಹೋಲಿಸು, ತಿದ್ದು, ಮತ್ತೆ ನೋಡು. ಇಷ್ಟೇ ಶಾಸ್ತ್ರ. ತಡವಾಗಿ ನೋಡಿ ಜಾಸ್ತಿ ತಿದ್ದಿದರೆ ಕೆಲಸ ಕೆಟ್ಟಿತು.

ಅವಳು ಎದ್ದು ನಿಂತಳು. "ನಾನೀಗ ಏನು ಮಾಡ್ತಾ ಇದ್ದೀನಿ?"

"ಏನೂ ಇಲ್ಲ. ಸುಮ್ಮನೆ ನಿಂತಿದ್ದೀಯ."

"ತಪ್ಪು. ಬೀಳ್ತಾ ಇದ್ದೀನಿ. ಬೀಳೋದನ್ನ ಗಳಿಗೆಗಳಿಗೆಗೂ ತಿದ್ದುತ್ತಾ ಇದ್ದೀನಿ."

ಅಪ್ಪಾ, ನನ್ನ ಮೈ ಜುಂ ಅಂದಿತು! ಇಷ್ಟು ವರ್ಷ ಈ ಮೈಯಲ್ಲೇ ಇದ್ದು ನನಗೆ ಇದು ಹೊಳೆದಿರಲಿಲ್ಲ. ಕಣ್ಣು, ಪಾದ, ಕಿವಿಯೊಳಗಿನ ಪುಟ್ಟ ಕೊಳವೆಗಳು, ಈ ಮೂರೂ ಸೇರಿ ಮೈ ಯಾವ ಕಡೆ ವಾಲುತ್ತಿದೆ ಅಂತ ಮಿದುಳಿಗೆ ವರದಿ ಕಳಿಸುತ್ತಿರುತ್ತವಂತೆ. ನಮ್ಮ ಪ್ರಾಜೆಕ್ಟ್ ಇದೇ ಅಂತ ಅಲ್ಲೇ ಕೈಕೈ ಹೊಡೆದುಕೊಂಡೆವು.

ಅವಳು ಕಿವಿ ಅಂದಾಗ ನಿನ್ನ ನೆನಪಾಯಿತು. ಹೋದ ವರ್ಷ ಜ್ವರ ಬಂದು ಆಸ್ಪತ್ರೆ ಸೇರಿದ್ದೆಯಲ್ಲ, ಆಮೇಲೆ ತಲೆಸುತ್ತು ಅಂತಿದ್ದೆ. ಈಗ ಹೇಗಿದೆ? ಏಣಿ ಹತ್ತುವಾಗ ಏನಾದರೂ ಆಗುತ್ತದಾ? ಫೋನಿನಲ್ಲಿ ಕೇಳಿದರೆ "ಎಲ್ಲಾ ಸರಿ" ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಿನ್ನ ಮಗಳು


ಫೆಬ್ರವರಿ ೨

ಪುಟ್ಟೀ,

ಕಾಗದ ತಲುಪಿತು. ಕೋಳಿ ಕೆದರಿಲ್ಲ, ಎರಡು ಕೋಳಿ ಸೇರಿ ಜಗಳ ಆಡಿವೆ. ಆದರೂ ನಿನ್ನಮ್ಮ ಎರಡೆರಡು ಸಲ ಓದಿಸಿಕೊಂಡಳು. ನಿಂತಿರುವುದು ಎಂದರೆ ಬೀಳುತ್ತಿರುವುದು ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಆಗಿನಿಂದ ಕೆಲಸ ಹೇಳಿದರೆ "ನಾನು ಸುಮ್ಮನೆ ನಿಂತಿಲ್ಲ, ಬೀಳೋದನ್ನ ತಿದ್ದುತ್ತಾ ಇದ್ದೀನಿ" ಎನ್ನುತ್ತಾಳೆ. ನಿನ್ನ ವಿದ್ಯೆಯಿಂದ ಮನೆಗೆ ಆದ ಮೊದಲ ಲಾಭ ಇದು.

ನನಗೆ ಕೆಲಸಕ್ಕೆ ಕೊರತೆಯಿಲ್ಲ. ಔಷಧಿ ಅಂಗಡಿಯ ಗಾಜಿನ ಬಾಗಿಲಿಗೆ ಹೆಸರು ಬರೆದೆ, ದಂತವೈದ್ಯರ ಮೇಜಿನ ಫಲಕ ಬರೆದೆ. ಕೂತು ಮಾಡುವ ಕೆಲಸಗಳೇ ಬರುತ್ತಿವೆ ಈಚೆಗೆ. ಒಳ್ಳೆಯದೇ, ಸೊಂಟಕ್ಕೆ ಆರಾಮ. ತಲೆಸುತ್ತು ಯಾರಿಗಿಲ್ಲ? ನಿನ್ನಮ್ಮ ಬೆಳಿಗ್ಗೆ ಮಾತು ಶುರು ಮಾಡಿದರೆ ಭೂಮಿಗೇ ಬರುತ್ತದೆ. ಏಣಿಗೆ ಬಣ್ಣ ಹೊಡೆದು ಒಣಗಲು ಇಟ್ಟಿದ್ದೇನೆ.

ಒಂದು ಸುದ್ದಿ. ಬಿಸ್ಕತ್ ಕಾರ್ಖಾನೆಯ ದೊಡ್ಡ ಗೋಡೆ ಇದೆಯಲ್ಲ, ನೀನು ಹುಟ್ಟುವ ಮೊದಲು ನಾನು ಬರೆದದ್ದು, ಅದನ್ನು ಹೊಸದಾಗಿ ಬರೆಸುತ್ತಾರಂತೆ. ಮ್ಯಾನೇಜರ್ ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ನನ್ನ ಜೊತೆ ಕೆಲಸ ಮಾಡುವ ನಮ್ಮ ಕನ್ನಡಕ ಆಗಲೇ ಕುಣಿಯುತ್ತಿದ್ದಾನೆ. ನೋಡೋಣ ಎಂದಿದ್ದೇನೆ.

ಅಪ್ಪ


ಫೆಬ್ರವರಿ ೧೩

ಅಪ್ಪಾ,

ಏಣಿಗೆ ಯಾರಾದರೂ ಬಣ್ಣ ಹೊಡೆಯುತ್ತಾರಾ? ಬಣ್ಣ ಹೊಡೆದ ಮೆಟ್ಟಿಲು ಜಾರುತ್ತದೆ, ಬಿರುಕು ಬಿಟ್ಟರೂ ಕಾಣುವುದಿಲ್ಲ ಅಂತ ನನಗೆ ಹೇಳಿಕೊಟ್ಟವನೇ ನೀನು.

ನಿಜ ಹೇಳು. ಇಲ್ಲದಿದ್ದರೆ ಅಮ್ಮನನ್ನು ಕೇಳುತ್ತೇನೆ.

ನಿನ್ನ ಮಗಳು


ಫೆಬ್ರವರಿ ೨೪

ಮಗಳೇ,

ನಾನು ಬರೆಯದಿದ್ದರೆ ತಾನೇ ಬರೆಯುತ್ತೇನೆ ಎಂದು ನಿನ್ನಮ್ಮ ಹೆದರಿಸಿದ್ದಾಳೆ. ಅವಳು ಬರೆದರೆ ಒಂದಕ್ಕೆರಡು ಸೇರುತ್ತದೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಜ್ವರದ ಮೇಲೆ ಏಣಿ ಹತ್ತಿಲ್ಲ. ಎರಡೂ ಕಿವಿಯೊಳಗೆ ಆ ಕೊಳವೆಗಳು ಹೋಗಿವೆಯಂತೆ, ಕೇಳಿಸುವುದಕ್ಕೆ ತೊಂದರೆಯಿಲ್ಲ, ಮೈಯ ಸಮತೂಕ ಮಾತ್ರ ಸಿಗುವುದಿಲ್ಲ. ಬೆಳಕಿದ್ದರೆ ಸರಿ. ಕತ್ತಲಾದರೆ ನೆಲ ಎಲ್ಲಿದೆ ಎಂದು ಕಾಲಿಗೆ ಹೇಳುವವರಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಹಿಂದಕ್ಕೆ ಹೋಗುತ್ತೇನೆ. ಸೋಪು ಕಣ್ಣಿಗೆ ಹೋದರೂ ಪರವಾಗಿಲ್ಲ ಎಂದು ಬಿಟ್ಟಕಣ್ಣಲ್ಲೇ ತೊಳೆಯುತ್ತೇನೆ. ಇನ್ನೂ ತಮಾಷೆ ಕೇಳು. ನಡೆಯುವಾಗ ಬೀದಿಯ ಬೋರ್ಡುಗಳೆಲ್ಲ ಕುಣಿಯುತ್ತವೆ. ನಾನೇ ಬರೆದ ಅಕ್ಷರ, ನಿಂತರೆ ಮಾತ್ರ ಓದಲು ಬರುತ್ತದೆ. ನೇರ ಗೆರೆ ಎಳೆದು ಬದುಕಿದವನಿಗೆ ಇದಕ್ಕಿಂತ ಒಳ್ಳೆಯ ಚೇಷ್ಟೆ ಯಾರು ಮಾಡುತ್ತಾರೆ?

ವೈದ್ಯರು ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದರು. ನಿನಗೆ ಹೇಳಬಾರದೆಂದು ನಿನ್ನಮ್ಮನ ಬಾಯಿ ಕಟ್ಟಿದ್ದು ನಾನು. ನೀನು ಓದು ಬಿಟ್ಟು ಓಡಿ ಬರುತ್ತೀಯ ಎಂದು. ಬರಬೇಡ. ಬಂದರೂ ಕಿವಿ ಬೆಳೆಯುವುದಿಲ್ಲ.

ಅಪ್ಪ


ಮಾರ್ಚ್ ೧೯

ಅಪ್ಪಾ,

ಓಡಿ ಬರಲಿಲ್ಲ, ನೋಡು. ಅದಕ್ಕಿಂತ ಒಳ್ಳೆಯದೇನೋ ಮಾಡಿದೆ. ಇಷ್ಟು ದಿನ ಕಾಗದ ಬರೆಯದೆ ಇದ್ದದ್ದು ಕೋಪಕ್ಕಲ್ಲ (ಕೋಪವೂ ಇತ್ತು), ಕೈ ಬಿಡುವಿಲ್ಲದೆ.

ನಿನ್ನ ಕಾಗದವನ್ನು ಜಿರಾಫೆಗೆ ಓದಿ ಹೇಳಿದೆ. ಅವಳು "ಮೂರು ವರದಿಗಾರರಲ್ಲಿ ಒಬ್ಬ ರಾಜೀನಾಮೆ ಕೊಟ್ಟಿದ್ದಾನೆ. ಹೊಸಬನನ್ನ ನೇಮಿಸೋಣ" ಅಂದಳು. ಅಷ್ಟೇ ಅಪ್ಪಾ, ಅಲ್ಲಿಂದ ನಾವಿಬ್ಬರೂ ನೆಲದ ಮೇಲಿಲ್ಲ!

ಒಂದು ಬೆಲ್ಟು ಮಾಡಿದ್ದೇವೆ. ಬೆನ್ನ ಕಡೆ ಒಂದು ಪುಟ್ಟ ಸೆನ್ಸರ್, ಮೈ ಎತ್ತ ವಾಲುತ್ತಿದೆ ಅಂತ ನೋಡುವುದಕ್ಕೆ. ಸುತ್ತಲೂ ಹಳೆ ಮೊಬೈಲುಗಳಿಂದ ಬಿಚ್ಚಿದ ಸಣ್ಣ ಮೋಟಾರುಗಳು, ಕರೆ ಬಂದಾಗ ಗುರ್ ಅನ್ನುತ್ತವಲ್ಲ, ಅವು. ಮುಂದಕ್ಕೆ ವಾಲಿದರೆ ಹೊಟ್ಟೆಯ ಹತ್ತಿರ ಗುರ್ ಅನ್ನುತ್ತದೆ, ಎಡಕ್ಕೆ ವಾಲಿದರೆ ಎಡ ಪಕ್ಕೆಯಲ್ಲಿ. ಗುರ್ ಅಂದ ಕಡೆಯಿಂದ ದೂರ ಸರಿದರೆ ಆಯಿತು.

ಮೊದಲ ಸಲ ಜಿರಾಫೆಗೆ ಕಟ್ಟಿ ನೋಡಿದಾಗ ಏನಾಯಿತು ಗೊತ್ತಾ? ನೆಟ್ಟಗಿದ್ದವಳು ತೂರಾಡಿದಳು! ಬೆಲ್ಟು ಕೂದಲೆಳೆಯಷ್ಟು ವಾಲಿದರೂ ಕೂಗುತ್ತಿತ್ತು, ಅದೂ ತಡವಾಗಿ. ಅವಳು ಹೆದರಿ ಆಚೆ ಸರಿದಳು, ಆಚೆಯವನು ಕೂಗಿದ, ಈಚೆ ಬಂದಳು, ಈಚೆಯವನು ಕೂಗಿದ. ಕೊನೆಗೆ ಪಕ್ಕದಲ್ಲಿದ್ದ ಕುರ್ಚಿ ಸಮೇತ ಮಗುಚಿಕೊಂಡಳು. ನಾನು ಹಿಡಿಯುವುದು ಬಿಟ್ಟು "ನಲ್ಲಿ! ಅದೇ ನಲ್ಲಿ!" ಅಂತ ಕಿರುಚುತ್ತಿದ್ದೆ. ಅವಳು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಆಮೇಲೆ ತಿದ್ದಿದೆವು. ಸಣ್ಣಪುಟ್ಟ ವಾಲಾಟಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಎಷ್ಟು ವಾಲಿದೆ ಅನ್ನುವುದನ್ನು ಮಾತ್ರ ನೋಡಿದರೆ ಸಾಲದು, ಎಷ್ಟು ಬೇಗ ವಾಲುತ್ತಿದೆ ಅನ್ನುವುದನ್ನೂ ನೋಡಬೇಕು, ಆಗ ಬೀಳುವ ಮೊದಲೇ ಎಚ್ಚರಿಸಬಹುದು. ಈಗ ಅವಳು ಕಣ್ಣು ಕಟ್ಟಿಕೊಂಡು ಮೆತ್ತನೆಯ ದಿಂಬಿನ ಮೇಲೆ ಒಂಟಿಕಾಲಲ್ಲಿ ನಿಲ್ಲುತ್ತಾಳೆ!

ನಿನಗೆ ಕಟ್ಟಿ ನೋಡಲು ಇಲ್ಲಿಯ ಆಸ್ಪತ್ರೆಯ ಸಮಿತಿ ಒಪ್ಪಿಗೆ ಕೊಟ್ಟಿದೆ. ವೈದ್ಯರೊಬ್ಬರು ಜೊತೆಗಿರುತ್ತಾರೆ. ಅಮ್ಮನನ್ನು ಕರೆದುಕೊಂಡು ಬಾ. ಇಲಿಯ ಹಾಗೆ ಪರೀಕ್ಷೆ ಮಾಡುತ್ತಾರೆ ಅಂತ ಅಂದುಕೊಳ್ಳಬೇಡ. ಬಾ ಅಪ್ಪಾ.

ನಿನ್ನ ಮಗಳು


ಏಪ್ರಿಲ್ ೬

ಪುಟ್ಟೀ,

ನಿನ್ನನ್ನು ರೈಲು ನಿಲ್ದಾಣದಲ್ಲಿ ಬಿಟ್ಟು ಬಂದಾಗಿನಿಂದ ಒಂದೇ ಯೋಚನೆ: ಮೊದಲು ಯಾವುದನ್ನು ಬರೆಯಲಿ? ಎದುರಿಗಿದ್ದಾಗ ಬಾಯಿಗೆ ಬಾರದ್ದು ಕುಂಚ ಹಿಡಿದರೆ ಬರುತ್ತದೆ, ನನ್ನ ಹಣೆಬರಹ ಅದು.

ಬೆಲ್ಟು ಇಲ್ಲದೆ ಆ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿದಿರಲ್ಲ, ಕಡಿದ ಬಾಳೆಗಿಡದ ಹಾಗೆ ಹೋದೆ. ಜಿರಾಫೆ ಹಿಡಿಯದಿದ್ದರೆ ನಿಮ್ಮ ಪ್ರಾಜೆಕ್ಟು ಅಲ್ಲಿಗೇ ಮುಗಿಯುತ್ತಿತ್ತು. ಆ ಹುಡುಗಿಯ ತೋಳಿನಲ್ಲಿ ಎಂಥ ಬಲ! ಬೆಲ್ಟು ಕಟ್ಟಿದ ಮೇಲೂ ನನಗೆ ನಂಬಿಕೆಯಿರಲಿಲ್ಲ. ಮಗಳು ಮಾಡಿದ್ದು ಎಂದು ನಿಂತೆ. ಹೊಟ್ಟೆಯ ಹತ್ತಿರ ಗುರ್ ಎಂದಿತು, ಹಿಂದೆ ಸರಿದೆ. ಬೆನ್ನಲ್ಲಿ ಗುರ್, ಮುಂದೆ ಬಂದೆ. ಆಮೇಲೆ ಸದ್ದಿಲ್ಲ. ಕತ್ತಲು. ನನ್ನ ಮೈ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಷ್ಟು ಸಣ್ಣ ವಿಷಯ. ಅದು ಗೊತ್ತಾಗದೆ ವರ್ಷ ಕಳೆದಿದ್ದೆ.

ನಾನು ಕಣ್ಣು ಬಿಡದೆ ಹಾಗೇ ನಿಂತದ್ದು ಬೆಲ್ಟಿನ ಪರೀಕ್ಷೆಗಲ್ಲ. ಕಣ್ಣೀರು ಬಂದಿತ್ತು, ಒಣಗಲಿ ಎಂದು.

ಮನೆಗೆ ಕೊಟ್ಟು ಕಳಿಸಿದಿರಲ್ಲ, ಎಷ್ಟು ದೊಡ್ಡ ಉಪಕಾರ! ಕಣ್ಣು ಮುಚ್ಚಿ, ಸೋಪು ಹಚ್ಚಿ, ನೊರೆ ಬರಿಸಿ ಮುಖ ತೊಳೆದೆ, ಎರಡು ಸಲ ತೊಳೆದೆ. ದೀಪ ಹಾಕದೆ ನಡುಮನೆ ದಾಟಿದೆ. ನಿನ್ನಮ್ಮ "ಇವರ ಸೊಂಟಕ್ಕೆ ಜೇನುಗೂಡು ಕಟ್ಟಿದೆ, ಹತ್ತಿರ ಹೋಗಬೇಡಿ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅವಳೂ ಗೆಲುವಾಗಿದ್ದಾಳೆ.

ಅಂದ ಹಾಗೆ ಕಾರ್ಖಾನೆಯ ಗೋಡೆ ಒಪ್ಪಿಕೊಂಡೆ. ಸುಮ್ಮನೆ ತಿಳಿಸಿದೆ.

ಅಪ್ಪ


ಏಪ್ರಿಲ್ ೧೧

ಅಪ್ಪಾ,

ಫೋನ್ ಮಾಡಿದೆ. ನೀನು ಹೊರಗೆ ಹೋಗಿದ್ದೀಯ ಅಂದಳು ಅಮ್ಮ. ಮತ್ತೆ ಮಾಡಿದೆ, ಮತ್ತೆ ಹೊರಗೆ. ಬೇಕಂತಲೇ ಹೊರಗಿದ್ದೀಯ.

ಅಟ್ಟಣಿಗೆ ಹತ್ತಬೇಡ. ಬೆಲ್ಟು ನೆಲದ ಮೇಲಿನವರಿಗೆ ಮಾಡಿದ್ದು. ಹಲಗೆ ತಾನೇ ಅಲುಗಿದರೆ ಅದಕ್ಕೆ ನೀನು ವಾಲಿದೆಯೋ ಹಲಗೆ ವಾಲಿತೋ ಗೊತ್ತಾಗುವುದಿಲ್ಲ, ಸುಳ್ಳು ಹೇಳುತ್ತದೆ. ನಾನು ಮಾಡಿದ್ದು, ನನಗೆ ಗೊತ್ತು. ನೆಲ ಬಿಟ್ಟು ಹೋಗುವುದಿಲ್ಲ ಅಂತ ವೈದ್ಯರ ಎದುರು ಮಾತು ಕೊಟ್ಟಿದ್ದೀಯ.

ನೀನು ಕಣ್ಣು ಮುಚ್ಚಿ ನಿಂತಾಗ ನನಗೆ ಆದಷ್ಟು ಸಂತೋಷ ಜನ್ಮದಲ್ಲಿ ಆಗಿಲ್ಲ. ಅದನ್ನು ಕೆಡಿಸಬೇಡ.

ನಿನ್ನ ಮಗಳು


ಏಪ್ರಿಲ್ ೨೭

ಅಪ್ಪಾ,

ಕಾಗದ ತಲುಪಿತಾ? ಅಮ್ಮ ಫೋನಿನಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಾಳೆ. ಅಮ್ಮ ಯಾವತ್ತಾದರೂ ಹವಾಮಾನದ ಬಗ್ಗೆ ಮಾತಾಡಿದ್ದುಂಟಾ?

ನಿನ್ನ ಮಗಳು


ಮೇ ೪

ಮಗಳೇ,

ನಿನ್ನ ಕಾಗದ ತಲುಪಿತ್ತು. ಓದಿ, ಮಡಿಸಿ ಇಟ್ಟು, ಮಾರನೆಯ ಬೆಳಿಗ್ಗೆ ಹತ್ತಿದೆ.

ಕೈಕಾಲು ನೆಟ್ಟಗಿವೆ, ಅದನ್ನು ಮೊದಲು ತಿಳಿದುಕೋ. ಗಾಳಿಯಿರಲಿಲ್ಲ. ಮೊದಲನೆಯ ಹಲಗೆಯವರೆಗೆ ಎಲ್ಲಾ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಕೆಳಗಿದ್ದ ಕನ್ನಡಕನಿಗೆ ಶಿಳ್ಳೆ ಹಾಕಿದೆ. ಎರಡನೆಯ ಹಲಗೆಗೆ ಹೋದೆ. ಅವನೂ ಹಿಂದೆಯೇ ಬಂದ. ಕುಂಚ ತೆಗೆದುಕೊಳ್ಳಲು ಅವನ ಕಡೆ ತಲೆ ತಿರುಗಿಸಿದೆ ನೋಡು, ಗೋಡೆ ಪಕ್ಕಕ್ಕೆ ಜಾರಿತು. ಹಲಗೆ ತುಯ್ದಿತು. ಬೆಲ್ಟು ಎಡ ಬಲ ಹಿಂದೆ ಮುಂದೆ ಎಲ್ಲಾ ಕಡೆಯೂ ಕೂಗಿತು. ಯಾವುದರಿಂದ ದೂರ ಸರಿಯಲಿ? ಕೂತುಬಿಡೋಣವೆಂದರೆ ಹಲಗೆ ಯಾವ ಕಡೆಗಿದೆ ಎಂದೇ ತಿಳಿಯಲಿಲ್ಲ. ಕನ್ನಡಕ "ಅಣ್ಣಾ, ಅಲ್ಲಾಡಬೇಡಿ" ಎನ್ನುತ್ತಿದ್ದ. ಅವನ ದನಿಯೇ ಅಲ್ಲಾಡುತ್ತಿತ್ತು.

ಆಗ ಬಲಗೈಯ ತೋರುಬೆರಳು ಗೋಡೆಗೆ ತಾಗಿತು. ಒರಗಲಿಲ್ಲ, ಒತ್ತಲಿಲ್ಲ, ಒಣಗಿದೆಯೋ ಎಂದು ಬಣ್ಣ ಮುಟ್ಟಿ ನೋಡುವಷ್ಟು ಮೆಲ್ಲಗೆ. ಬೆಲ್ಟು ಒಂದೊಂದೇ ಕಡೆ ಸುಮ್ಮನಾಯಿತು. ಬೆರಳು ತೆಗೆದೆ, ಕೂಗಿತು. ತಾಗಿಸಿದೆ, ಸುಮ್ಮನಾಯಿತು. ಆ ಹೆದರಿಕೆಯಲ್ಲೂ ಇದನ್ನು ಮಗಳಿಗೆ ಬರೆಯಬೇಕು ಎಂದುಕೊಂಡೆ ಎಂದರೆ ನಂಬುತ್ತೀಯಾ?

ಕನ್ನಡಕ ನನ್ನ ಒಂದೊಂದೇ ಪಾದವನ್ನು ಕೈಯಲ್ಲಿ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಡುತ್ತಾ ಇಳಿಸಿದ. ನೆಲಕ್ಕೆ ಬಂದ ಮೇಲೆ ನಾನು ನಕ್ಕೆ. ಅವನು ನನಗೆ ಬೈದ, ಇಷ್ಟು ವರ್ಷದಲ್ಲಿ ಮೊದಲ ಸಲ. ನಿನ್ನಮ್ಮ ನನ್ನ ಏಣಿಯನ್ನು ಎಳೆದುಕೊಂಡು ಹೋಗಿ ಹಿತ್ತಲಲ್ಲಿ ಸೌದೆಯ ಕೆಳಗೆ ಹಾಕಿದಳು. ಅದು ಬೈಗುಳಕ್ಕಿಂತ ಕಷ್ಟ.

ಮೇಲಿನ ಕೆಲಸ ಇನ್ನು ನನಗಿಲ್ಲ. ಬರೆದೆ ನೋಡು. ಬರೆದ ಮೇಲೆ ಈ ಸಾಲು ಅಷ್ಟೇನೂ ದೊಡ್ಡದಾಗಿ ಕಾಣುತ್ತಿಲ್ಲ.

ಅಪ್ಪ


ಮೇ ೨೦

ಅಪ್ಪಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಅತ್ತೆ. ಬೈಯಬೇಕು ಅಂತ ಪೆನ್ನು ಹಿಡಿದೆ. ಆ ಕಾಗದ ಬರೆದು ಮುಗಿಸಿದ್ದರೆ ನಿನ್ನ ಕಿವಿ ಇನ್ನಷ್ಟು ಕೆಡುತ್ತಿತ್ತು. ಆದರೆ ಬೆರಳು! ಬೆರಳಿನ ಮಾತು ಬಂದ ಕೂಡಲೇ ಪೆನ್ನು ಅಲ್ಲೇ ಬಿಟ್ಟು ಜಿರಾಫೆಯ ಕೋಣೆಗೆ ಓಡಿದೆ.

ಅವಳು ಓದಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದು ನಮ್ಮ ಪಾಠದಲ್ಲೇ ಇತ್ತು ಕಣೇ! ಪರೀಕ್ಷೆಗೆ ಓದಿದ್ದೀನಿ, ಉತ್ತರ ಬರೆದಿದ್ದೀನಿ, ಮಾರ್ಕ್ಸೂ ತಗೊಂಡಿದ್ದೀನಿ!" ಬೆರಳ ತುದಿ ಸುಮ್ಮನೆ ತಾಗಿದ್ದರೂ ಮೈಯ ತೂಗಾಟ ಕಡಿಮೆಯಾಗುತ್ತದೆ ಅಂತ ಎಂದೋ ಅಳೆದು ನೋಡಿದ್ದಾರಂತೆ. ಆಸರೆಗಾಗಿ ಅಲ್ಲ, ಸುದ್ದಿಗಾಗಿ. ಮೈ ಸ್ವಲ್ಪ ಸರಿದರೂ ಬೆರಳ ಚರ್ಮಕ್ಕೆ ಮೊದಲು ಗೊತ್ತಾಗುತ್ತದೆ. ಅವಳಿಗೆ ಅದು ಗೊತ್ತಿತ್ತು, ಬೆಲ್ಟಿಗೆ ಸೇರಿಸಬಹುದು ಅಂತ ಹೊಳೆದಿರಲಿಲ್ಲ. ನನಗೆ ಸೇರಿಸುವುದು ಗೊತ್ತಿತ್ತು, ಅದು ಇದೆ ಅಂತಲೇ ಗೊತ್ತಿರಲಿಲ್ಲ. ನೀನು ಹೋಗಿ ಹಲಗೆಯ ಮೇಲೆ ನೇತಾಡಿ ನಮ್ಮಿಬ್ಬರನ್ನೂ ಒಂದು ಮಾಡಿದೆ. (ಇನ್ನೊಮ್ಮೆ ಹತ್ತಿದರೆ ನಾನೇ ಬಂದು ಅಟ್ಟಣಿಗೆ ಕಡಿಯುತ್ತೇನೆ.)

ಈಗ ಒಂದು ಕೋಲು ಮಾಡಿದ್ದೇವೆ. ತೆಳ್ಳಗೆ, ಹಗುರ. ಊರಿಕೊಳ್ಳುವುದಕ್ಕಲ್ಲ, ನೆಲಕ್ಕೆ ತಾಗಿಸುವುದಕ್ಕೆ. ಭಾರ ಬಿಟ್ಟರೆ ಚಿಲಿಪಿಲಿ ಅಂತ ಎಚ್ಚರಿಸುತ್ತದೆ. ಕೋಲು ಸುದ್ದಿ ಕೊಡುತ್ತಿರುವಾಗ ಬೆಲ್ಟು ಬಹಳ ಕಡಿಮೆ ಮಾತಾಡುತ್ತದೆ.

ನಿನ್ನೆ ಎಲ್ಲರ ಎದುರು ಪ್ರಾಜೆಕ್ಟ್ ಒಪ್ಪಿಸಿದೆವು. ನಮಗಿಂತ ಮೊದಲು ಮೀನಿನವರು. ಕೊಳದಲ್ಲಿ ಗಾಳಿ ಕಡಿಮೆಯಾದರೆ ಪಂಪು ತಾನೇ ಓಡುವ ಹಾಗೆ ಮಾಡಿದ್ದರು. ಮೀನುಗಳು ಪಂಪಿನ ಸದ್ದನ್ನು ಊಟದ ಗಂಟೆ ಅಂದುಕೊಂಡು ಬಂದು ಸೆನ್ಸರನ್ನೇ ಮುತ್ತಿದವಂತೆ! ಮೀನು ಮುತ್ತಿದಲ್ಲಿ ಗಾಳಿ ಇನ್ನೂ ಕಡಿಮೆ, ಪಂಪು ಇನ್ನೂ ಜೋರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ, ನಮ್ಮ ಸರದಿ ಮುಗಿದಾಗಲೂ ಅದೇ ಮುಖ.

"ಒಬ್ಬ ಅಪ್ಪನಿಂದ ಶಾಸ್ತ್ರ ಆಗೋದಿಲ್ಲ" ಅಂದರು.

ಅವರು ಮುಂದುವರಿಸಿದರು. "ಅದಕ್ಕೇ ಇದನ್ನ ನಿಲ್ಲಿಸಬೇಡಿ. ಇನ್ನಷ್ಟು ಜನರಲ್ಲಿ ನೋಡಿ."

ಜಿರಾಫೆಗೆ ತರಬೇತಿ ಯಾವ ಆಸ್ಪತ್ರೆಯಲ್ಲಿ ಗೊತ್ತಾ? ನಮ್ಮ ಊರಿನದರಲ್ಲಿ! ಕೋಲು ಅವಳ ಕೈಯಲ್ಲೇ ಬರುತ್ತದೆ. ಅಮ್ಮನಿಗೆ ಹೇಳು, ಅವಳಿಗೆ ಮಂಚ ಸಾಲುವುದಿಲ್ಲ, ಕಾಲ ಹತ್ತಿರ ಒಂದು ಸ್ಟೂಲ್ ಇಡಬೇಕು.

ನಿನ್ನ ಮಗಳು


ಜೂನ್ ೨೨

ಪುಟ್ಟೀ,

ಗೋಡೆ ಮುಗಿಯಿತು! ನೆಲದ ಮೇಲೆ ನಿಂತೇ ಮುಗಿಸಿದೆ.

ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ನಾನು ಹತ್ತಲಾರೆ ಎಂದು. ಅವರು ಹೇಗಾದರೂ ಮಾಡಿ, ಅಕ್ಷರ ಮಾತ್ರ ನಿಮ್ಮದೇ ಇರಲಿ ಎಂದರು. ಖಾಲಿ ಗೋದಾಮಿನ ನೆಲದ ಮೇಲೆ ಕಾಗದ ಹಾಸಿ ಒಂದೊಂದು ಅಕ್ಷರವನ್ನೂ ಪೂರ್ತಿ ಗಾತ್ರದಲ್ಲಿ ಬರೆದೆ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆವು. ಕನ್ನಡಕ ಅದನ್ನು ಗೋಡೆಗೆ ಅಂಟಿಸಿ ಸುಣ್ಣದ ಪುಡಿ ತಟ್ಟಿ ಗುರುತು ಮಾಡಿಕೊಂಡ. ಆದರೆ ಆ ಗೋಡೆ ನಡುವೆ ಉಬ್ಬಿದೆ, ಗುರುತು ನೇರವಿದ್ದರೂ ರಸ್ತೆಯಿಂದ ಸೊಟ್ಟ ಕಾಣುತ್ತದೆ. ಆದ್ದರಿಂದ ನಾನು ರಸ್ತೆಯಾಚೆ ಕುರ್ಚಿ ಹಾಕಿಕೊಂಡು ಕೂತೆ, ನೋಡಿ ಕೂಗಿ ತಿದ್ದಿಸುವುದಕ್ಕೆ.

ಮೊದಲ ದಿನ ಕೇಳಬೇಡ. "ಬಲಕ್ಕೆ!" ಎಂದೆ. ಲಾರಿ ಹೋಯಿತು, ಅವನಿಗೆ ಕೇಳಿಸಲಿಲ್ಲವೆಂದುಕೊಂಡೆ. ಮತ್ತೆ ಕೂಗಿದೆ. ಅವನು ಎರಡು ಸಲಕ್ಕೂ ಸೇರಿಸಿ ಸರಿಸಿದ. "ಎಡಕ್ಕೆ!" ಎಂದೆ. ಮೊದಲ ಅಕ್ಷರದ ಹೊಟ್ಟೆ ಹಾವಿನ ಹಾಗೆ ನುಲಿಯಿತು. ಚಹಾದ ಅಂಗಡಿಯವರು, ಬಸ್ಸಿಗೆ ಕಾಯುವವರು ಎಲ್ಲರೂ ಸೇರಿ ಒಬ್ಬೊಬ್ಬರು ಒಂದೊಂದು ಕಡೆ ಎನ್ನತೊಡಗಿದರು. ನೂರು ಸೆನ್ಸರು, ನೂರೂ ತಪ್ಪು! ನನ್ನ ಪಕ್ಕದಲ್ಲಿ ಕೂತಿದ್ದ ನಿನ್ನಮ್ಮ ಎದ್ದು ನಿಂತು "ಎಲ್ಲರೂ ಬಾಯಿ ಮುಚ್ಚಿ, ಒಬ್ಬರೇ ಹೇಳ್ತಾರೆ" ಎಂದಳು. ರಸ್ತೆಯೇ ಸುಮ್ಮನಾಯಿತು. ನಿಮ್ಮ ಶಾಸ್ತ್ರದಲ್ಲಿ ನಿನ್ನಮ್ಮನಂಥದ್ದಕ್ಕೆ ಏನೆನ್ನುತ್ತಾರೆ?

ಆಮೇಲೆ ಕೂಗುವುದು ಬಿಟ್ಟು ಕೆಂಪು ಬಟ್ಟೆ ಬೀಸಿದೆ. ಬೇಕಾದ ಕಡೆಗೆ ಒಂದು ಸಲ ಬೀಸ್ತೀನಿ, ನೀನು ಆ ಕಡೆ ಒಂದು ಬೆರಳಗಲ ಮಾತ್ರ ಸರಿಸು, ನಾನು ಮತ್ತೆ ಬೀಸುವವರೆಗೆ ಕಾಯ್ತಾ ಇರು ಎಂದು ಒಪ್ಪಂದವಾಯಿತು. ಕಾಯುವುದು ಅವನಿಗಿಂತ ನನಗೆ ಕಷ್ಟವಾಗಿತ್ತು. ಕಾದೆ. ಎರಡನೆಯ ಅಕ್ಷರದಿಂದ ಗೆರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬಂತು. ಮೊದಲನೆಯದನ್ನು ಅಳಿಸಿ ಹೊಸದಾಗಿ ಬರೆಸಿದೆ.

ಇಷ್ಟು ವರ್ಷ ಗೋಡೆಗೆ ಮೂಗು ತಾಗಿಸಿಕೊಂಡೇ ಬರೆದವನು ನಾನು. ಬರೆಯುತ್ತಿರುವ ಅಕ್ಷರ ದೂರದಿಂದ ಹೇಗೆ ಏಳುತ್ತದೆ ಎಂದು ಕುಳಿತು ನೋಡಿದ್ದು ಇದೇ ಮೊದಲು. ಮೇಲೆ ಹೋಗಲಾಗಲಿಲ್ಲವೆಂಬ ಸಂಕಟ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಪುಟ್ಟೀ, ಬಹಳ ಚೆಂದ ಕಾಣುತ್ತದೆ ಕಣೇ!

ಇನ್ನೆರಡು ಅಂಗಡಿಯವರು ಹೀಗೇ ಬರೆಸಬೇಕೆಂದು ಕೇಳಿದ್ದಾರೆ. ಹೆಂಚಿನ ಕಾರ್ಖಾನೆಯವರೂ ಬಂದಿದ್ದರು.

ಅಪ್ಪ


ಜುಲೈ ೧

ಅಪ್ಪಾ,

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಕೆಂಪು ಬಟ್ಟೆಯ ಹತ್ತಿರ ಬಂದಾಗ ಅವರು ಮೊದಲ ಸಲ ನಕ್ಕರು. "ನಿಮ್ಮ ಅಪ್ಪ ಯಾವ ವಿಭಾಗಕ್ಕೆ ಅರ್ಜಿ ಹಾಕ್ತಾರೆ?" ಅಂತ ಕೇಳಿದರು. ಅಮ್ಮನಿಗೆ ನಮ್ಮ ಶಾಸ್ತ್ರದಲ್ಲಿ "ಫಿಲ್ಟರ್" ಅನ್ನುತ್ತಾರೆ. ಬೇಡದ ಸದ್ದನ್ನು ತೆಗೆಯುವುದು. ಎದುರಿಗೆ ಹಾಗೆ ಕರೆಯಬೇಡ.

ನಾನು ಇಲ್ಲೇ ಉಳಿದು ಮುಂದಕ್ಕೂ ಇದನ್ನೇ ಓದುತ್ತೇನೆ, ಸಂಶೋಧನೆಗೆ ಸೇರಿಸಿಕೊಂಡಿದ್ದಾರೆ! ಜಿರಾಫೆ ನಾಡಿದ್ದು ಅಲ್ಲಿಗೆ ಹೊರಡುತ್ತಾಳೆ. ಇಲ್ಲಿ ಪ್ರಾಜೆಕ್ಟಿಗೆ ಇಟ್ಟುಕೊಂಡಿದ್ದ ಬೆಲ್ಟನ್ನು ಬಿಚ್ಚಿಬಿಟ್ಟೆವು, ಈಗ ಇರುವುದು ಒಂದೇ, ನಿನ್ನದು. ವಾರಕ್ಕೊಮ್ಮೆ ಆಸ್ಪತ್ರೆಗೆ ಅದನ್ನು ತೆಗೆದುಕೊಂಡು ಹೋಗಿ ಬೇರೆ ರೋಗಿಗಳಿಗೂ ಕಟ್ಟಿ ನೋಡಲು ಬಿಡುತ್ತೀಯಾ? ಹೆದರಿದವರ ಪಕ್ಕದಲ್ಲಿ ನಿಲ್ಲುವುದಕ್ಕೆ ನೀನೇ ಬೇಕು.

ನಿನ್ನ ಮಗಳು


ಆಗಸ್ಟ್ ೧೯

ಮಗಳೇ,

ಇವತ್ತಿನ ವಿಷಯ ಬಿಸಿಬಿಸಿಯಾಗಿಯೇ ಬರೆಯಬೇಕು. ಚಹಾ ಆರುತ್ತಿದೆ, ಆರಲಿ.

ಆಸ್ಪತ್ರೆಗೆ ಇಂದು ಈಜು ಕಲಿಸುವ ಟೀಚರಮ್ಮ ಒಬ್ಬರು ಬಂದಿದ್ದರು. ನನ್ನದೇ ಕಾಯಿಲೆ. ನೀರಿನೊಳಗೆ ಮುಳುಗಿದರೆ ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲವಂತೆ, ಕೊಳಕ್ಕೆ ಇಳಿಯಲೇಬಾರದು ಎಂದಿದ್ದಾರೆ. ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಜಿರಾಫೆ ಬೆಲ್ಟಿನ ಬಗ್ಗೆ ಇಷ್ಟುದ್ದ ವಿವರಿಸಿದಳು. ಆಕೆ "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ತಂಗಿ ಬಲವಂತಕ್ಕೆ ಬಂದೆ" ಎಂದರು.

"ನನಗೂ ಇರಲಿಲ್ಲ" ಎಂದೆ. "ಮೊದಲು ನಾನು ಬಿದ್ದು ತೋರಿಸ್ತೀನಿ, ನೋಡಿ."

ಬೆಲ್ಟು ಬಿಚ್ಚಿ ಸ್ಪಂಜಿನ ಮೇಲೆ ಹತ್ತಿ ಕಣ್ಣು ಮುಚ್ಚಿದೆ. ಜಿರಾಫೆ ಹಿಡಿದುಕೊಂಡಳು. ಇಬ್ಬರಿಗೂ ಇದು ರೂಢಿಯಾಗಿದೆ, ಸರ್ಕಸ್ಸಿನವರ ಹಾಗೆ ಮಾಡುತ್ತೇವೆ. ಟೀಚರಮ್ಮ ನಗು ತಡೆಯಲು ನೋಡಿದರು, ಆಗಲಿಲ್ಲ. "ಚೆನ್ನಾಗಿ ಬೀಳ್ತೀರಿ" ಎಂದರು. ಆಮೇಲೆ ತಾವೂ ಬಿದ್ದರು. ಜೋರಾಗಿ ಬಿದ್ದರು, ಜೊತೆಗಿದ್ದ ವೈದ್ಯರೂ ಸೇರಿ ಮೂವರೂ ಹಿಡಿಯಬೇಕಾಯಿತು.

ಬೆಲ್ಟು ಕಟ್ಟಿದೆವು. ಕೋಲು ಕೈಗೆ ಕೊಟ್ಟೆವು. ನಾನು ಒಂದು ಪಕ್ಕ, ಜಿರಾಫೆ ಇನ್ನೊಂದು ಪಕ್ಕ, ಹಿಂದೆ ವೈದ್ಯರು. ಆಕೆ ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿದ್ದವು. ಬೆಲ್ಟು ಆಚೆ ಗುರ್, ಈಚೆ ಗುರ್. ಕೋಲಿನ ಮೇಲೆ ಭಾರ ಬಿಟ್ಟರು, ಚಿಲಿಪಿಲಿ ಎಂದಿತು, ಎತ್ತಿಕೊಂಡರು. ನನಗೆ ನನ್ನ ಉಸಿರೇ ಕೇಳಿಸುತ್ತಿತ್ತು. ಆಮೇಲೆ ಒಂದು ಹೊತ್ತಿನಲ್ಲಿ ಯಾವುದೂ ಸದ್ದು ಮಾಡಲಿಲ್ಲ. ಹುಬ್ಬು ಸಡಿಲವಾದವು.

"ಎಲ್ಲರೂ ದೂರ ಸರೀರಿ" ಎಂದರು ಕಣ್ಣು ಬಿಡದೆ. ಮಕ್ಕಳಿಗೆ ಕೊಳದ ಅಂಚಿನಿಂದ ಹೇಳುವ ದನಿ ಇರಬೇಕು ಅದು, ವೈದ್ಯರೂ ತಟ್ಟನೆ ಹೆಜ್ಜೆ ಹಿಂದಿಟ್ಟರು. "ನಾನು ಹುಡುಗರನ್ನ ತೇಲೋದಕ್ಕೆ ಬಿಡುವಾಗ ಯಾರನ್ನೂ ಹತ್ತಿರ ಬಿಡೋದಿಲ್ಲ."

ನಿಂತರು. ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ನಿಂತೇ ಇದ್ದರು. ಮುಖದ ಮೇಲೆ ಏನು ಬಂತೆಂದು ನಾನು ಬರೆಯುವುದಿಲ್ಲ. ನಾನು ನಿಂತಾಗ ನಿನಗೆ ಕಂಡಿರುತ್ತದೆ.

ಕಣ್ಣು ಬಿಟ್ಟು "ಇನ್ನೊಂದು ಸಲ" ಎಂದರು. ಆಯಿತು. "ಇನ್ನೊಂದು ಸಲ." ಹೊರಗೆ ಕಾಯುವವರು ಬಾಗಿಲಲ್ಲಿ ಇಣುಕತೊಡಗಿದರು. ಕೊನೆಗೆ ಚೀಲ ತೆಗೆದುಕೊಂಡು, ನಮಸ್ಕಾರ ಹೇಳಿ, ಕೋಲು ತಾಗಿಸುತ್ತಾ ಹೊರಟೇಬಿಟ್ಟರು. ಬೆಲ್ಟು ಸೊಂಟದಲ್ಲೇ ಇತ್ತು! ಜಿರಾಫೆ ಉದ್ದನೆಯ ಹೆಜ್ಜೆ ಹಾಕಿ ಹಿಂದೆ ಓಡಿದಳು. "ಮೇಡಂ, ಮೇಡಂ, ಅದು ಇವರದು!"

ಆಕೆ ತಿರುಗಿ ನನ್ನನ್ನು ನೋಡಿದರು. "ಹೌದಾ?"

"ಇಲ್ಲ ಇಲ್ಲ" ಎಂದೆ. "ನಿಮ್ಮದೇ."

ವೈದ್ಯರು ಸಹಿ ಹಾಕಿಸಿಕೊಂಡು, ನೆಲ ಬಿಡಬಾರದು, ನೀರಿಗೆ ಇಳಿಯಬಾರದು ಎಂದು ಮಾತು ತೆಗೆದುಕೊಂಡು ಕಳಿಸಿಕೊಟ್ಟರು. ನಾನು ಜಿರಾಫೆಯ ತೋಳು ಹಿಡಿದು ಮನೆಗೆ ಬಂದೆ. ನಿನ್ನಮ್ಮ ನನ್ನ ಸೊಂಟ ನೋಡಿ "ಜೇನು ಎಲ್ಲಿ ಹಾರಿಹೋಯಿತು?" ಎಂದಳು.

ಈಗ ನೀನು ಬೇಗ ಇನ್ನೊಂದು ಮಾಡಬೇಕು. ಒಂದು ಸಾಲದು, ಒಂದು ಡಜನ್ ಮಾಡು. ಟೀಚರಮ್ಮ ಹೋಗುವಾಗ ಹೊರಗೆ ಕೂತಿದ್ದವರಿಗೆಲ್ಲ ಕಟ್ಟಿದ್ದನ್ನು ತೋರಿಸಿಕೊಂಡೇ ಹೋಗಿದ್ದಾರೆ.

ಕಾಯುತ್ತಿರುವ,
ಬೆಲ್ಟಿಲ್ಲದ ಅಪ್ಪ